ಮಕ್ಕಳ ಎದುರೇ ಕರಡಿಯಾದವಳು

ಅವಳನ್ನು ಬಲ್ಲವರಲ್ಲಿ ಕರಡಿಯಕ್ಕ ಎಂದು ಕರೆಯದವರು ಇಬ್ಬರೇ. ಒಬ್ಬ, ಹಡಗಿನ ಮನರಂಜನೆ ವಿಭಾಗದ ಮುಖ್ಯಸ್ಥ. ಅವನು ಯಾರನ್ನಾದರೂ ಎದೆಯ ಮೇಲಿನ ಬಿಲ್ಲೆ ಓದಿಯೇ ಕರೆಯುವ ಆಸಾಮಿ. ಇನ್ನೊಬ್ಬಳು ದಡದ ಮೇಲಿದ್ದ ಅವಳ ಅತ್ತೆ. ಅತ್ತೆಯ ಪಾಲಿಗೆ ಅವಳು ಮನೆಗೆ ಬಂದ ದಿನದಿಂದಲೂ ‘ಏ ಹುಡುಗಿ’. ಹುಡುಗಿಯ ತಲೆ ಅರ್ಧ ನೆರೆತ ಮೇಲೂ ಅದೇ.

ಅದು ಸಂಸಾರ ಸಮೇತ ಬಂದವರನ್ನು ಸಮುದ್ರ ಸುತ್ತಿಸುವ ಹಡಗು. ಒಂದು ಬಂದರಿನಿಂದ ಹೊರಟು, ನಾಲ್ಕಾರು ದಡ ಮುಟ್ಟಿ, ವಾರ ಕಳೆಯುವಷ್ಟರಲ್ಲಿ ಹೊರಟಲ್ಲಿಗೇ ತಂದು ಇಳಿಸುತ್ತಿತ್ತು. ಮೇಲೆ ಈಜುಕೊಳ, ಜಾರುಬಂಡೆ, ಬ್ಯಾಂಡು, ಎತ್ತ ತಿರುಗಿದರೂ ತಿನ್ನುವುದಕ್ಕೆ. ಕೆಳಗೆ ಲಾಂಡ್ರಿ, ಅಡುಗೆಮನೆ, ಕೆಲಸದವರು ಮಲಗುವ ಗೂಡುಗಳು. ಇವೆರಡರ ನಡುವೆ, ಲಿಫ್ಟಿನ ಹಿಂದೆ, ಪುಟಾಣಿ ಕೋಣೆ. ಶಾಲೆಯ ಮೆಟ್ಟಿಲು ಹತ್ತದ ಮಕ್ಕಳಿಗೆ ಮಾತ್ರ ಅಲ್ಲಿ ಪ್ರವೇಶ. ಮೊಣಕಾಲೆತ್ತರದ ಕುರ್ಚಿಗಳು, ಸೊಂಟದಷ್ಟೂ ಎತ್ತರವಿಲ್ಲದ ಕೈತೊಳೆಯುವ ತೊಟ್ಟಿ, ಎಷ್ಟು ತಿಕ್ಕಿದರೂ ಹಾಲು ಚೆಲ್ಲಿದ ವಾಸನೆ ಬಿಡದ ನೆಲಹಾಸು. ಗೋಡೆಯಲ್ಲೊಂದು ದುಂಡನೆಯ ಕಿಟಕಿ. ಸಮುದ್ರ ಕಾಣಲೆಂದು ಮಕ್ಕಳು ಮೂಗೊತ್ತಿ ಒತ್ತಿ ಅದರ ಗಾಜಿನ ಮೇಲೆ ಸದಾ ಸಿಂಬಳದ ಗೆರೆಗಳು. ಕರಡಿಯಕ್ಕ ದಿನಾ ಒರೆಸುತ್ತಿದ್ದಳು. ಆದರೆ ಮುಟ್ಟಬೇಡಿ ಎಂದು ಒಮ್ಮೆಯೂ ಹೇಳಿದವಳಲ್ಲ.

ಈ ಕೆಲಸ ಅವಳು ಕಲಿತದ್ದು ಹಡಗಿನಲ್ಲಿ ಅಲ್ಲ, ಬಟ್ಟೆ ಗಿರಣಿಯ ತೊಟ್ಟಿಲ ಕೋಣೆಯಲ್ಲಿ. ನೂಲಿನ ಯಂತ್ರದ ಮುಂದೆ ನಿಲ್ಲುವ ತಾಯಂದಿರ ಕೂಸುಗಳನ್ನು ನೋಡಿಕೊಳ್ಳುವ ಕೋಣೆ ಅದು. ಮೊದಲು ಅಂಗಳದಾಚೆ, ಗೋದಾಮಿನ ಹಿಂದೆ ಇತ್ತು. ಹಾಲು ಕುಡಿಸಲು ಹೋಗಿ ಬರುವಷ್ಟರಲ್ಲಿ ಮೇಸ್ತ್ರಿಯ ಬೈಗುಳ. ಒಂದು ದಿನ ಹೆಂಗಸರು ಯಂತ್ರ ನಿಲ್ಲಿಸಿದರು. ಆ ಕೋಣೆಯ ಹಿರಿಯ ಆಯಾ ಆಗಿದ್ದ ಅತ್ತೆ ಗೇಟಿಗೆ ಅಡ್ಡ ಮಲಗಿದಳು. ಮಾಲೀಕನ ಕಾರು ಮೂಗಿನ ತನಕ ಬಂದು ನಿಂತಿತು, ಅವಳು ಮಗ್ಗುಲು ಸಹ ಬದಲಿಸಲಿಲ್ಲ. ಕೊನೆಗೆ ತೊಟ್ಟಿಲುಗಳು ಯಂತ್ರಶಾಲೆಯ ಪಕ್ಕಕ್ಕೇ ಬಂದವು. ಅಲ್ಲಿ ಅತ್ತೆಯದೊಂದು ಕಾಯಿದೆ ಇತ್ತು. ತಾಯಾದವಳು ಮಗುವಿನ ಕಣ್ಣು ತಪ್ಪಿಸಿ ಹೋಗುವಂತಿಲ್ಲ. ಅತ್ತರೂ ಸರಿ, ಹೇಳಿಯೇ ಹೋಗಬೇಕು. ಯಾರ ಕೈಗೆ ಕೊಡುತ್ತೀಯೋ ಅವರ ಮುಖ ಮಗುವಿಗೆ ತೋರಿಸಿಯೇ ಕೊಡಬೇಕು.

ಗಂಡ ಆ ಗಲಾಟೆಯ ಕಾಲದಲ್ಲೇ ಎದ್ದು ಹೋದ. ಹೋದವನು ಹೋದ, ಹೆಂಗಸರಿಬ್ಬರೂ ಅವನ ಬಟ್ಟೆ ಹರಿದು ಮಸಿಬಟ್ಟೆ ಮಾಡಿಕೊಂಡರು. ಆಮೇಲೆ ಗಿರಣಿಯೂ ಮುಚ್ಚಿತು. ಹಡಗಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಬೇಕಂತೆ ಎಂಬ ಸುದ್ದಿ ಬಂದಾಗ ಸೊಸೆ ಹಿಂದೆ ಮುಂದೆ ನೋಡಿದಳು. ಊರಿಗೆ ಬಂದವಳು ನೀರಿಗೆ ಬರಲ್ವಾ, ಹೋಗು ಎಂದು ಅತ್ತೆಯೇ ಪೆಟ್ಟಿಗೆ ಕಟ್ಟಿದಳು.

ಇನ್ನು ಕರಡಿಯ ವಿಷಯ. ಹಡಗಿನ ಕಂಪನಿಗೆ ಒಂದು ಕಪ್ತಾನ ಕರಡಿ. ಟವೆಲ್ಲಿನ ಮೇಲೆ ಅದೇ, ಲೋಟದ ಮೇಲೆ ಅದೇ, ಅಂಗಡಿಯ ಬೊಂಬೆಯೂ ಅದೇ. ನಡೆದಾಡುವ ಕರಡಿಯೆಂದರೆ ಕಂಬಳಿಯಂಥ ಒಂದು ನಿಲುವಂಗಿ, ಎರಡು ದಪ್ಪ ಪಾದ, ಟೋಪಿ ಹೊತ್ತ ಬುರುಡೆಯಂಥ ತಲೆ. ತಲೆಯ ಬಾಯಲ್ಲಿ ಕಪ್ಪು ಬಲೆ, ಹಾಕಿಕೊಂಡವರು ನೋಡಬೇಕಾದದ್ದು ಅದರ ಮೂಲಕವೇ. ಪಾದದ ಹತ್ತಿರ ಏನಿದೆಯೋ ಕಾಣುವುದಿಲ್ಲ. ಒಳಗೆ ಹಿಂದಿನವರ ಬೆವರು. ಇದಕ್ಕೆ ಒಂದೇ ಕಟ್ಟಳೆ: ಪ್ರಯಾಣಿಕರ ಎದುರು ತಲೆ ತೆಗೆಯಕೂಡದು, ಬಾಯಿ ಬಿಡಕೂಡದು. ಮೂರ್ಛೆ ಬಂದರೂ ತಲೆ ಸಮೇತ ಬೀಳಬೇಕು. ಕರಡಿಯೆಂದರೆ ಕರಡಿ, ಒಳಗೆ ಯಾರೂ ಇಲ್ಲ.

ಮೊದಲ ಸಲ ಅವಳು ಈ ವೇಷದಲ್ಲಿ ಪುಟಾಣಿ ಕೋಣೆಯ ಬಾಗಿಲು ದಾಟಿದಾಗ ಮಕ್ಕಳು ಕಿರುಚಿದ ರೀತಿಗೆ ಪಕ್ಕದ ಲಿಫ್ಟಿನವರು ಓಡಿ ಬಂದರು. ಒಂದು ಕುರ್ಚಿಯ ಕೆಳಗೆ ನುಗ್ಗಿತು. ಒಂದು ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಬೆಳಗಿನಿಂದ ಅವಳ ಮಡಿಲಲ್ಲಿ ಕೂತಿದ್ದ ಮಕ್ಕಳೇ ಇವು. ಅವಳು ಹಿಂದೆ ಮುಂದೆ ಯೋಚಿಸದೆ ತಲೆ ಕಿತ್ತು ಕಂಕುಳಲ್ಲಿ ಇಟ್ಟುಕೊಂಡಳು. ಅಳು ನಿಂತಿತು. ಕುರ್ಚಿಯ ಕೆಳಗಿದ್ದದ್ದು ಹೊರಗೆ ಬಂದು ಕರಡಿಯ ಮೂಗಿಗೆ ಬೆರಳು ಹಾಕಿತು.

ಮರುದಿನದಿಂದ ಅವಳು ಕರಡಿಯನ್ನು ಬಟ್ಟೆಯ ಬುಟ್ಟಿಯಲ್ಲಿ ಬಿಡಿಬಿಡಿಯಾಗಿ ತಂದಳು. ಮಕ್ಕಳೇ ಪಾದ ಎಳೆದು ತೊಡಿಸುವುದು, ಮಕ್ಕಳೇ ಬೆನ್ನಿನ ಜಿಪ್ಪು ಏರಿಸುವುದು, ತಲೆ ಕೊನೆಗೆ. ಆಮೇಲೆ ಕುಣಿತ. ಕುಣಿತವೂ ಎಷ್ಟು? ಒಂದೇ ಹಾಡು, ಅದೇ ಮತ್ತೆ ಮತ್ತೆ. ಲೈಟು ಆರಿಸುವುದಿಲ್ಲ, ಬಾಗಿಲು ಮುಚ್ಚುವುದಿಲ್ಲ. ಸಾಕಾದವರು ಎದ್ದು ಹೋಗಬಹುದು.

ಮುಖ್ಯಸ್ಥ ಕುತ್ತಿಗೆಗೆ ಸದಾ ಒಂದು ಶಿಳ್ಳೆ ತೂಗುಹಾಕಿಕೊಂಡಿರುತ್ತಿದ್ದುದರಿಂದ ಕೆಳಗಿನವರ ಬಾಯಲ್ಲಿ ಅವನು ಶಿಳ್ಳೆ ಸಾಹೇಬ. ಕೆಟ್ಟವನಲ್ಲ. ಒಂದು ಕಾಲದಲ್ಲಿ ವೇದಿಕೆಯ ಮೇಲೆ ಕುಣಿದು ಮೊಣಕಾಲು ಕಳೆದುಕೊಂಡವನು. ಅವನ ವಾದದಲ್ಲೂ ಹುರುಳಿತ್ತು. ಏಳೆಂಟು ವರ್ಷದ ಮಕ್ಕಳಿಗೆ ಕರಡಿಯೊಳಗೆ ಯಾರೋ ಇದ್ದಾರೆಂದು ಒಳಗೊಳಗೆ ಗೊತ್ತು. ಗೊತ್ತಿದ್ದೂ ಇಲ್ಲ ಎಂದುಕೊಳ್ಳುವುದೇ ಅವರ ಖುಷಿ, ಆ ಗುಟ್ಟು ಒಡೆದರೆ ಉಳಿಯುವುದು ಬೆವರಿದ ಕೂಲಿಯವರು ಅಷ್ಟೇ ಎನ್ನುತ್ತಿದ್ದ. ಅವಳು ಅದನ್ನು ಒಪ್ಪಿದಳು. ದೊಡ್ಡ ಮಕ್ಕಳಿಗೆ ಗುಟ್ಟು ಇರಲಿ. ಆದರೆ ಮೂರು ವರ್ಷದ್ದಕ್ಕೆ ಗುಟ್ಟೆಂದರೆ ಕತ್ತಲು, ಅಷ್ಟೇ. ಕೊನೆಗೆ ಸಾಹೇಬ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, ಕೋಣೆಯೊಳಗೆ ಏನಾದರೂ ಮಾಡಿಕೊ, ಹೊರಗೆ ನನ್ನ ಕಿವಿಗೆ ಬೀಳದಿರಲಿ ಎಂದ.

ಬಿತ್ತು. ಅದೂ ಜೋರಾಗಿಯೇ.

ಬೆಳಿಗ್ಗೆ ಕೋಣೆಯಲ್ಲಿ ಕರಡಿ ಅವಳು. ಮಧ್ಯಾಹ್ನ ಮೇಲೆ ಈಜುಕೊಳದ ಹತ್ತಿರ ಅದೇ ಕರಡಿ ಲಾಂಡ್ರಿಯ ಇಸ್ತ್ರಿಯವನು. ಆಳು ಎತ್ತರ, ಮಾತು ಕಮ್ಮಿ, ನಡಿಗೆ ಮಾತ್ರ ಸಾಕ್ಷಾತ್ ಕರಡಿಯದು. ಅವಳು ಮಕ್ಕಳಿಗೆ ಒಳಗೆ ಅಕ್ಕ ಇದ್ದಾಳೆಂದು ತೋರಿಸಿದ್ದಳು. ಒಳಗೆ ಬೇರೆಯವರೂ ಇರಬಹುದು ಎಂದು ತೋರಿಸುವುದು ಹೊಳೆದಿರಲಿಲ್ಲ.

ಆ ಪ್ರಯಾಣದಲ್ಲಿ ಎರಡು ಜಡೆಯ ಒಬ್ಬಳಿದ್ದಳು. ವಯಸ್ಸು ಮೂರು ದಾಟಿ ನಾಲ್ಕಕ್ಕೆ ಬಂದಿರಲಿಲ್ಲ, ಗತ್ತು ಮಾತ್ರ ಪಂಚಾಯಿತಿ ಮಾಡುವವಳದು. ಕೊಳದ ಹತ್ತಿರ ಕರಡಿಯನ್ನು ಕಂಡು ಸೀದಾ ಹೋಗಿ, ಅಕ್ಕಾ ತಲೆ ತೆಗಿ ಎಂದಳು. ಕರಡಿ ಕೈ ಬೀಸಿತು. ಮತ್ತೆ ಕೇಳಿದಳು. ಕರಡಿ ಹೊಟ್ಟೆ ಕುಣಿಸಿತು. ಹುಡುಗಿ ತಾಯಿಯ ಕೈ ಎಳೆದುಕೊಂಡು ಪುಟಾಣಿ ಕೋಣೆಗೆ ಇಳಿದಳು. ಕೋಣೆಗೆ ಬೀಗ, ಅಕ್ಕ ಇಲ್ಲ. ಅವಳು ಕೆಳಗೆ ತನ್ನ ಗೂಡಿನಲ್ಲಿ ಕಾಲು ಚಾಚಿ ಒರಗಿದ್ದಳು. ಮಗುವಿಗೇನು ಗೊತ್ತು? ಲೆಕ್ಕ ಸರಿಯಾಗಿಯೇ ಕೂಡಿತು. ಅಕ್ಕ ಕರಡಿಯೊಳಗೆ ಹೋಗಿದ್ದಳು. ಅಕ್ಕ ಈಗ ಮಾತಾಡುತ್ತಿಲ್ಲ. ಕರಡಿ ಅಕ್ಕನನ್ನು ತಿಂದಿದೆ.

ಸುದ್ದಿ ಹಬ್ಬಲು ಹೊತ್ತು ಬೇಕಾಗಲಿಲ್ಲ. ಕೋಣೆಯ ಮಕ್ಕಳೆಲ್ಲ ಸೇರಿ, ಐಸ್‌ಕ್ರೀಮಿನ ಚಮಚ, ಮರಳಿನ ಸಲಿಕೆ, ಒಂದು ಚಪ್ಪಲಿ, ಕೈಗೆ ಸಿಕ್ಕಿದ್ದು ಹಿಡಿದು ಕರಡಿಯ ಹೊಟ್ಟೆಗೆ ಬಡಿಯತೊಡಗಿದರು. ಇಸ್ತ್ರಿಯವನಿಗೆ ಪಾದದ ಹತ್ತಿರ ನಡೆಯುತ್ತಿದ್ದ ಯುದ್ಧ ಕಾಣಲಿಲ್ಲ. ಹಿಂದಕ್ಕೆ ಹೆಜ್ಜೆ ಇಟ್ಟ. ಒದ್ದೆ ನೆಲ. ಅಂಗಾತ ಬಿದ್ದ. ಬಿದ್ದವನು ಸೊಂಟ ಹಿಡಿದುಕೊಳ್ಳಲಿಲ್ಲ, ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಕಟ್ಟಳೆ ಎಂದರೆ ಕಟ್ಟಳೆ. ಮಕ್ಕಳು ಹೊಟ್ಟೆಯ ಮೇಲೆ ಹತ್ತಿ ಅಕ್ಕಾ ಅಕ್ಕಾ ಎಂದು ಗೋಳಾಡಿದರೂ ಅವನು ತುಟಿ ಬಿಚ್ಚಲಿಲ್ಲ.

ಸಂಜೆಗೆ ಶಿಳ್ಳೆ ಸಾಹೇಬನ ಕೋಣೆಯ ಮುಂದೆ ತಂದೆ ತಾಯಂದಿರು. ಒಬ್ಬರ ಮಗು ಊಟ ಬಿಟ್ಟಿತ್ತು, ಒಬ್ಬರದು ಟವೆಲ್ಲಿನ ಮೇಲಿನ ಕರಡಿ ಚಿತ್ರಕ್ಕೂ ಹೆದರಿ ಸ್ನಾನ ಬಿಟ್ಟಿತ್ತು. ಕರಡಿಯಕ್ಕ ಓಡಿ ಹೋಗಿ ಎಲ್ಲರಿಗೂ ಮುಖ ತೋರಿಸಿ ಬಂದಳು. ಎರಡು ಜಡೆಯವಳು ಅವಳ ಕೆನ್ನೆ ಮುಟ್ಟಿ ನೋಡಿದಳು, ಆದರೆ ಕೋಣೆಗೆ ಇನ್ನು ಬರುವುದಿಲ್ಲ ಎಂದಳು.

ಸಾಹೇಬ ಕೂಗಾಡಲಿಲ್ಲ, ಅದೇ ಕೆಟ್ಟದ್ದು. ಮುಂದಿನ ಪ್ರಯಾಣದಿಂದ ಪುಟಾಣಿ ಕೋಣೆ ಬಂದ್. ಚಿಕ್ಕವರೂ ದೊಡ್ಡವರ ಜೊತೆ ಮೇಲಿನ ರಂಗಮಂದಿರದಲ್ಲೇ ಕೂರಲಿ, ಕಡಲುಗಳ್ಳರ ಆಟ ನೋಡಲಿ. ನೀನು ಟವೆಲ್ ಕೊಡುವ ಕಟ್ಟೆಗೆ ಹೋಗು ಎಂದ. ಆ ಆಟದಲ್ಲಿ ಫಿರಂಗಿ ಹಾರುತ್ತದೆ, ಹೊಗೆ ಬರುತ್ತದೆ, ದೀಪ ಆರುತ್ತದೆ. ಹತ್ತು ವರ್ಷದವರು ಚಪ್ಪಾಳೆ ಹೊಡೆಯುವ ಜಾಗದಲ್ಲಿ ಮೂರು ವರ್ಷದವು ಉಸಿರು ಕಟ್ಟಿಕೊಳ್ಳುವುದನ್ನು ಅವಳು ಕಣ್ಣಾರೆ ನೋಡಿದ್ದಳು.

ಅವಳು ನಿಂತೇ ಇದ್ದಳು.

“ತಪ್ಪು ನಂದೇ ಸರ್. ಆದ್ರೆ ತೋರಿಸಿದ್ದು ತಪ್ಪಲ್ಲ. ಅರ್ಧ ತೋರಿಸಿದ್ದು ತಪ್ಪು.”

“ಅಂದ್ರೆ?”

“ಒಳಗೆ ನಾನಿರೋದು ತೋರಿಸ್ದೆ. ಅವನಿರೋದು ತೋರಿಸ್ಲಿಲ್ಲ. ಪೂರ್ತಿ ತೋರಿಸೋಕೆ ಒಂದು ಬೆಳಿಗ್ಗೆ ಕೊಡಿ. ಮಕ್ಕಳು ಬಾಗಿಲು ದಾಟಿ ಒಳಗೆ ಬರದಿದ್ರೆ ನಾನೇ ಕೋಣೆ ಬೀಗದಕೈ ತಂದು ನಿಮ್ಮ ಮೇಜಿನ ಮೇಲಿಡ್ತೀನಿ.”

ಸಾಹೇಬ ಶಿಳ್ಳೆ ತಿರುವಿದ. ಹಡಗು ಬಂದರಿಗೆ ಮರಳುವ ಹಿಂದಿನ ದಿನ ಬೆಳಿಗ್ಗೆ ಒಂದು ಅವಕಾಶ, ಯಾರನ್ನೂ ಎಳೆದು ತರಬಾರದು, ಮಿಠಾಯಿ ಆಸೆ ತೋರಿಸಬಾರದು ಎಂದ. ಅವಳು ಹೂಂ ಎಂದಳು.

ನಡುವೆ ಒಂದು ದಡ ಸಿಕ್ಕಾಗ ಮನೆಗೆ ಫೋನು ಹಚ್ಚಿದಳು. ಅತ್ತೆ ಎಲ್ಲ ಕೇಳಿಸಿಕೊಂಡು ಮೊದಲು ನಕ್ಕಳು. ನಗು ಮುಗಿದ ಮೇಲೆ, ಬುದ್ಧಿ ಎಲ್ಲಿಟ್ಟಿದ್ದೆ ಹುಡುಗಿ ಎಂದು ಜಾಡಿಸಿದಳು. ಪಾಳಿ ಬದಲಾಗುವಾಗ ನಾವು ಮಗೂನ ಒಬ್ಬರ ಕಂಕುಳಿಂದ ಇನ್ನೊಬ್ಬರ ಕಂಕುಳಿಗೆ ಕಣ್ಣೆದುರೇ ಕೊಡ್ತಿರಲಿಲ್ವಾ? ಕರಡಿಗೂ ಪಾಳಿ ಉಂಟಲ್ಲ, ಅದನ್ನ ಯಾಕೆ ಕದ್ದು ಬದಲಾಯಿಸಿದ್ರಿ? ಆ ಇಸ್ತ್ರಿಯವನು ಒಪ್ಪಿದನೋ ಎಂದು ಅತ್ತೆ ಕೇಳಿದಳು. ಇನ್ನೂ ಕೇಳಿಲ್ಲ ಎಂದಾಗ, ಮತ್ತೆ ನನ್ನ ಹತ್ರ ಏನು ಹರಟೆ ಎಂದು ಫೋನಿಟ್ಟಳು.

ಲಾಂಡ್ರಿಯೆಂದರೆ ಹಬೆಯ ಗುಹೆ. ಇಸ್ತ್ರಿಯವನು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಅಂಗಿಯ ಕಾಲರು ಒತ್ತುತ್ತಿದ್ದ. ಅವಳು ವಿಷಯ ಹೇಳಿದ ಕೂಡಲೇ ಆಗಲ್ಲ ಎಂದ. ಮತ್ತೆ ಕಾಲರಿಗೇ ತಿರುಗಿದ. ಅವಳು ಪಕ್ಕದಲ್ಲಿ ನಿಂತು ದಿಂಬಿನ ಚೀಲ ಮಡಚತೊಡಗಿದಳು. ಮರುದಿನ ಬಿಡುವಾದಾಗ ಮತ್ತೆ ಬಂದಳು, ಮತ್ತೆ ಮಡಚಿದಳು. ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತದೆ ಎನ್ನುತ್ತಾರೆ. ಅವಳು ಮೂಗೂ ಹಿಡಿಯಲಿಲ್ಲ, ಬಿಟ್ಟೂ ಹೋಗಲಿಲ್ಲ. ಕೊನೆಗೆ ಅವನೇ ಇಸ್ತ್ರಿ ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದ.

“ನಿಂಗೆ ಗೊತ್ತಾಗಲ್ಲ ಕರಡಿಯಕ್ಕ. ಈ ಹಡಗಲ್ಲಿ ನಾನು ಎಲ್ಲಿ ಮುಖ ತೋರಿಸಿದ್ರೂ ಯಾರಾದ್ರೂ ಒಬ್ಬರು ‘ನನ್ನ ಅಂಗಿ ಎಲ್ಲಯ್ಯ’ ಅಂತಾರೆ. ಕರಡಿ ಹಾಕ್ಕೊಂಡ ಮೇಲೆ ಒಬ್ಬರೂ ಕೆಲಸ ಹೇಳಲ್ಲ. ದಾರಿ ಬಿಡ್ತಾರೆ. ಕೈ ಕುಲುಕ್ತಾರೆ. ನನಗಿರೋದು ಅದೊಂದೇ. ಅದನ್ನೂ ಬಿಚ್ಚಿಡು ಅಂತೀಯಲ್ಲ.”

ಅವಳಿಗೆ ಈ ಮಾತು ಹೊಸದು. ಇಷ್ಟು ದಿನ ಅವಳು ಮಕ್ಕಳ ಹೆದರಿಕೆ ಮಾತ್ರ ಅಳೆದಿದ್ದಳು. ತಾನು ಹೊತ್ತು ಕಳೆಯಲು ಹಾಕುವ ಕಂಬಳಿ ಇವನಿಗೆ ಮರ್ಯಾದೆ ಎಂದು ತಿಳಿದಿರಲಿಲ್ಲ. ಅಯ್ಯೋ ಪಾಪ ಎನ್ನುವ ಹೆಂಗಸಲ್ಲ ಅವಳು. ಒಂದು ದಿಂಬಿನ ಚೀಲ ಪೂರ್ತಿ ಮಡಚಿ ಮುಗಿಸಿದಳು.

“ಮೇಲೆ ಬಿಚ್ಚು ಅಂತ ನಾನು ಹೇಳ್ತಿಲ್ಲ. ಮೇಲೆ ನೀನು ಕರಡಿಯೇ. ಕೆಳಗೆ, ನನ್ನ ಕೋಣೆಯಲ್ಲಿ ಮಾತ್ರ. ಅಲ್ಲಿರೋರು ನಿನ್ನ ಹತ್ರ ಅಂಗಿ ಕೇಳೋರಲ್ಲ. ಅರ್ಧ ಜನಕ್ಕೆ ತಮ್ಮ ಚಡ್ಡಿ ಎಲ್ಲಿದೆ ಅಂತಾನೇ ಗೊತ್ತಿರಲ್ಲ.”

ಇಸ್ತ್ರಿಯವನ ಮೀಸೆಯ ತುದಿ ಅಲ್ಲಾಡಿತು. ಅಪ್ಪ ಅಮ್ಮಂದಿರು ಇರ್ತಾರಲ್ಲ ಎಂದ. ಅವರು ಬಾಗಿಲಾಚೆ ನಿಲ್ಲಲಿ, ಅಂಗಿ ಗಿಂಗಿ ಎಂದರೆ ನಾನು ನೋಡ್ಕೊಳ್ತೀನಿ ಎಂದಳು. ನಾಳೆ ಹೇಳ್ತೀನಿ ಎಂದ. ನಾಳೆ ಅವನು ಹೇಳಲಿಲ್ಲ. ಬರೀ ಕರಡಿಯನ್ನು ಚೆನ್ನಾಗಿ ಒಗೆದು, ಒಣಗಿಸಿ, ಬಾಚಿ ಇಟ್ಟ. ಅವಳಿಗೆ ಅಷ್ಟು ಸಾಕಾಗಿತ್ತು.

ಆ ಬೆಳಿಗ್ಗೆ ಅವಳು ಬಾಗಿಲು ಹಾರುಹೊಡೆದು ನೆಲಹಾಸಿನ ಮೇಲೆ ಕೂತಳು. ಮಕ್ಕಳು ಬಂದರು, ಆದರೆ ಹೊಸ್ತಿಲಾಚೆಗೇ ನಿಂತರು. ಕೆಲವರು ಅಪ್ಪಂದಿರ ಕಾಲ ಸಂದಿಯಿಂದ ಇಣುಕುತ್ತಿದ್ದರು. ಎರಡು ಜಡೆಯವಳು ತಾಯಿಯ ಸೊಂಟದ ಮೇಲೆ. ಎಲ್ಲರ ಹಿಂದೆ, ಕೈ ಕಟ್ಟಿಕೊಂಡು, ಶಿಳ್ಳೆ ಸಾಹೇಬ. ಅವಳು ಬನ್ನಿ ಎನ್ನಲಿಲ್ಲ. ಕರೆದರೆ ಸೋತ ಹಾಗೆ ಎಂದು ಗಿರಣಿಯ ಗೇಟಿನಲ್ಲೇ ಕಲಿತಿದ್ದಳು.

ಇಸ್ತ್ರಿಯವನು ಜನರ ನಡುವಿಂದ ನುಸುಳಿ ಬಂದ. ಮೈಮೇಲೆ ಲಾಂಡ್ರಿಯ ಸಮವಸ್ತ್ರ, ತಲೆಯ ಮೇಲೆ ಬಟ್ಟೆಯ ಬುಟ್ಟಿ. ಬುಟ್ಟಿ ನೆಲಕ್ಕಿಳಿಸಿ, ಯಾರ ಮುಖವನ್ನೂ ನೋಡದೆ, ನಾನು ಇಸ್ತ್ರಿ ಮಾಮ, ಅವತ್ತು ಕೊಳದ ಹತ್ರ ಕರಡಿ ಒಳಗಿದ್ದದ್ದು ನಾನು ಎಂದ. ಬಾಯಿಪಾಠ ಮಾಡಿದವನ ಹಾಗೆ ಹೇಳಿ ಮುಗಿಸಿ ಬೆವರು ಒರೆಸಿಕೊಂಡ.

ಎರಡು ಜಡೆಯವಳು ಸೊಂಟದಿಂದ ಜಾರಿದಳು. ಹೊಸ್ತಿಲ ಮೇಲೆ ನಿಂತು ವಿಚಾರಣೆ ಶುರು ಮಾಡಿದಳು.

“ಅಕ್ಕನ್ನ ನೀನು ತಿಂದ್ಯಾ?”

“ಇಲ್ಲಮ್ಮ. ಆವತ್ತು ಬರೀ ಬ್ರೆಡ್ಡು ತಿಂದಿದ್ದೆ.”

“ಮತ್ತೆ ಕರೆದ್ರೆ ಯಾಕೆ ಮಾತಾಡ್ಲಿಲ್ಲ?”

“ಮಾತಾಡಬಾರದು ಅಂದಿದ್ರು.”

“ಯಾರು?”

ಇಸ್ತ್ರಿಯವನು ಸುಳ್ಳು ಹೇಳುವ ಪೈಕಿಯವನಲ್ಲ. ತಲೆ ಎತ್ತಿ ಹಿಂದೆ ನೋಡಿದ. ಕರಡಿಯಕ್ಕನೂ ನೋಡಿದಳು. ಅಪ್ಪ ಅಮ್ಮಂದಿರು ತಿರುಗಿದರು, ಮಕ್ಕಳೂ ತಿರುಗಿದರು. ಶಿಳ್ಳೆ ಸಾಹೇಬನ ಕಟ್ಟಿದ ಕೈ ತಾನಾಗಿ ಬಿಚ್ಚಿಕೊಂಡಿತು. ಆ ಹುಡುಗಿ ಅವನನ್ನು ಮೇಲಿಂದ ಕೆಳಗೆ ನೋಡಿ, ಇವನನ್ನು ಆಮೇಲೆ ವಿಚಾರಿಸಿಕೊಳ್ಳೋಣ ಎಂಬಂತೆ ಬಿಟ್ಟು, ಬುಟ್ಟಿಯ ಕಡೆ ನಡೆದಳು. ಅಂದರೆ ಬಾಗಿಲು ದಾಟಿದಳು.

ಮೊದಲು ಕರಡಿಯ ಹೊಟ್ಟೆಯೊಳಗೆ ಭುಜದ ತನಕ ಕೈ ಹಾಕಿ ತಡಕಿದಳು. ಯಾರೂ ಇಲ್ಲ. ತಲೆಯೊಳಗೆ ಇಣುಕಿದಳು, ಅಲ್ಲೂ ಇಲ್ಲ. ಹಿಂದೆ ತಿರುಗಿ ಉಳಿದವರಿಗೆ ಖಾಲಿ ಎಂದು ಸಾರಿದಳು. ಒಂದೊಂದಾಗಿ ಎಲ್ಲ ಬಂದವು. ಕೈ ಹಾಕುವ ಸರದಿಗೆ ಜಗಳವೂ ಆಯಿತು. ಮೊದಲು ಅಕ್ಕ ಹಾಕಿಕೊಂಡಳು, ಕುಣಿದಳು, ಬಿಚ್ಚಿದಳು. ಆಮೇಲೆ ಮಾಮನ ಸರದಿ. ಮಕ್ಕಳು ಅವನ ದೊಡ್ಡ ಪಾದಕ್ಕೆ ಕರಡಿಯ ಪಾದ ತುರುಕಲು ಹೆಣಗಿದವು, ಇಬ್ಬರು ಜಿಪ್ಪಿಗೆ ಜೋತುಬಿದ್ದರು. ತಲೆ ಏರಿತು. ಎರಡು ಜಡೆಯವಳು ಕರಡಿಯ ಹೊಟ್ಟೆ ತಟ್ಟಿದಳು.

“ಮಾಮಾ, ಒಳಗಿದ್ದೀಯಾ?”

“ಇದ್ದೀನಿ,” ಎಂದಿತು ಕರಡಿ.

ಕಟ್ಟಳೆ ಮುರಿದದ್ದು ಆಗ. ಸಾಹೇಬ ಕೆಮ್ಮಿದ, ಆದರೆ ಶಿಳ್ಳೆಗೆ ಕೈ ಹಾಕಲಿಲ್ಲ.

ಆ ಮಧ್ಯಾಹ್ನ ಅವನು ಅವಳನ್ನು ಕರೆಸಿ, ಕೋಣೆ ಇರಲಿ ಎಂದ. ಅವಳು ಅಷ್ಟಕ್ಕೆ ಎದ್ದು ಬರಲಿಲ್ಲ. ಕರಡಿ ಹಾಕುವವರು ಯಾರೇ ಇರಲಿ, ದಿನಾ ಹೊರಡುವುದು ಪುಟಾಣಿ ಕೋಣೆಯಿಂದಲೇ ಆಗಬೇಕು. ಮಕ್ಕಳ ಕಣ್ಣೆದುರು ತೊಟ್ಟು, ಹೇಳಿ, ಮೇಲೆ ಹೋಗಬೇಕು. ಕೋಣೆಯಲ್ಲಿರುವ ಪ್ರತಿಯೊಂದು ಮಗುವೂ ಹೂಂ ಅಂದ ಮೇಲೆಯೇ ತಲೆ ಏರಬೇಕು. ಮೇಲೆ ಹೋದ ಬಳಿಕ ನಿಮ್ಮ ಕಟ್ಟಳೆ, ತಲೆ ತೆಗೆಯುವುದಿಲ್ಲ. ಸಾಹೇಬ ತಲೆ ಕೆರೆದುಕೊಂಡ. ಚಿಕ್ಕವು ಹೋಗಿ ದೊಡ್ಡವರಿಗೆ ಗುಟ್ಟು ಹೇಳಿಬಿಟ್ಟರೆ ಎಂದ.

“ದೊಡ್ಡೋರು ಚಿಕ್ಕೋರ ಮಾತು ಯಾವ ಕಾಲಕ್ಕೆ ನಂಬಿದ್ದಾರೆ ಸರ್?” ಎಂದಳು.

ಸಾಹೇಬ ಶಿಳ್ಳೆಯನ್ನು ಅಂಗಿಯೊಳಗೆ ತೂರಿಸಿಕೊಂಡು, ಆಗಲಿ ಎಂದ.

ಮುಂದಿನ ಪ್ರಯಾಣ, ಹೊಸ ಮಕ್ಕಳು. ಮೇಲೆ ಬ್ಯಾಂಡು ಆಗಲೇ ಶುರುವಾಗಿ, ಕಪ್ತಾನ ಕರಡಿ ಎಲ್ಲಿ ಎಂದು ದೊಡ್ಡ ಮಕ್ಕಳು ಕೂಗುತ್ತಿರುವುದು ಚಾವಣಿಯ ಮೂಲಕ ಕೇಳುತ್ತಿತ್ತು. ಕೆಳಗೆ ಇಸ್ತ್ರಿಯವನು ಕುತ್ತಿಗೆಯ ತನಕ ಕರಡಿಯಾಗಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವನ ತೂಕ ತಡೆಯದ ಪುಟ್ಟ ಕುರ್ಚಿಯ ಮೇಲೆ ಹೇಗೋ ಕೂತಿದ್ದ. ಎಲ್ಲರೂ ಹೂಂ ಅಂದಾಗಿತ್ತು. ಕಿಟಕಿಯ ಕೆಳಗೆ ಕೂತ ಒಬ್ಬ ಮಾತ್ರ ಬೆರಳು ಚೀಪುತ್ತ ತಲೆಯನ್ನೇ ನೋಡುತ್ತಿದ್ದ.

ಶಿಳ್ಳೆ ಸಾಹೇಬ ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತ. ಮೇಲೆ ಕಾಯುತ್ತಿದ್ದಾರೆ, ಬ್ಯಾಂಡಿನವರು ಹಾಡನ್ನು ಮತ್ತೆ ಮೊದಲಿಂದ ಬಾರಿಸುತ್ತಿದ್ದಾರೆ ಎಂದ.

ಕರಡಿಯಕ್ಕ ಅವನ ಕಡೆ ತಿರುಗಲೂ ಇಲ್ಲ. ಆ ಹುಡುಗನ ಪಕ್ಕಕ್ಕೆ ಜರುಗಿ ಕೂತಳು.

“ಇಲ್ಲೊಬ್ಬ ಇನ್ನೂ ಹೂಂ ಅಂದಿಲ್ಲ ಸರ್. ಕಾಯಲಿ.”

ಸಾಹೇಬ ಇಸ್ತ್ರಿಯವನನ್ನು ನೋಡಿದ. ಇಸ್ತ್ರಿಯವನು ತೊಡೆಯ ಮೇಲಿನ ತಲೆಯನ್ನು ಇನ್ನಷ್ಟು ಭದ್ರವಾಗಿ ಹಿಡಿದುಕೊಂಡು ಕುರ್ಚಿಯ ಮೇಲೆ ಸರಿಯಾಗಿ ಕೂತ.